ಕಾರಿನ ಸಬ್‌ವೂಫರ್: ತಂತಿ ಜೋಡಣೆಯಲ್ಲಿ ಎಚ್ಚರ ಅಗತ್ಯ

ಕಾರಿನ ಧ್ವನಿ ವ್ಯವಸ್ಥೆಯಲ್ಲಿ ಮಂದ್ರ ಸ್ವರಗಳನ್ನು ಹೊರಡಿಸುವ ದೊಡ್ಡ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಸ್ಟೀರಿಯೋದ ಶಕ್ತಿ ಇದಕ್ಕೆ ಸಾಲದು. ಆದ್ದರಿಂದ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಪಡೆಯುವ ಪ್ರತ್ಯೇಕ ಆಂಪ್ಲಿಫೈಯರ್ ಅಳವಡಿಸಲಾಗುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ಅಪಾಯವಿಲ್ಲವೆಂಬ ನಂಬಿಕೆ ಸಾಮಾನ್ಯ. ಆದರೆ ಮುಟ್ಟಿದ ಕೈಗೆ ಶಾಕ್ ತಗುಲದಿದ್ದರೂ ಕಾದ ತಂತಿ ಕಾರಿಗೆ ಬೆಂಕಿ ಹೊತ್ತಿಸಬಲ್ಲದು.

ವಿದ್ಯುತ್ತಿನ ಲೆಕ್ಕ

500 ವಾಟ್ (ಆರ್‌ಎಂಎಸ್) ಶಕ್ತಿಯ 'ಡಿ' ವರ್ಗದ ಆಂಪ್ಲಿಫೈಯರಿನ ದಕ್ಷತೆ ಶೇ. 80 ಎಂದಿಟ್ಟುಕೊಂಡರೆ, ಪೂರ್ಣ ಶಕ್ತಿಯಲ್ಲಿ ಅದಕ್ಕೆ 625 ವಾಟ್ ಬೇಕು. ಎಂಜಿನ್ ಚಾಲೂ ಇರುವಾಗಿನ 13.8 ವೋಲ್ಟಿನಲ್ಲಿ ಇದು ಸುಮಾರು 45 ಆಂಪಿಯರ್. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಂತಿ ಇದನ್ನು ತಾಳದು. ಬ್ಯಾಟರಿಯಿಂದ ಡಿಕ್ಕಿಯವರೆಗಿನ ಸುಮಾರು 5 ಮೀಟರ್ ದೂರಕ್ಕೆ ಕನಿಷ್ಠ 16 ಚದರ ಮಿ.ಮೀ. ಶುದ್ಧ ತಾಮ್ರದ ತಂತಿ ಸೂಕ್ತ. ಅಗ್ಗದ ಕಿಟ್‌ಗಳಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯಿರುವುದುಂಟು. ಅದರ ವಾಹಕತೆ ತಾಮ್ರದ ಮೂರನೇ ಎರಡು ಭಾಗದಷ್ಟನ್ನೂ ಮುಟ್ಟುವುದಿಲ್ಲವಾದ್ದರಿಂದ ಇನ್ನೂ ದಪ್ಪ ತಂತಿ ಬೇಕಾಗುತ್ತದೆ.

ಫ್ಯೂಸ್ ಎಲ್ಲಿರಬೇಕು?

ಮುಖ್ಯ ಫ್ಯೂಸ್ ಕಾಯುವುದು ತಂತಿಯನ್ನು. ಆಂಪ್ಲಿಫೈಯರಿಗೆ ತನ್ನದೇ ಫ್ಯೂಸ್ ಇರುತ್ತದೆ. ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿಯುತ್ತದೆ. ಆದ್ದರಿಂದ ಫ್ಯೂಸನ್ನು ಬ್ಯಾಟರಿಯ ಧನಾಗ್ರದಿಂದ 45 ಸೆಂ.ಮೀ. ಒಳಗೇ ಕೂರಿಸಬೇಕು. ಮೇಲಿನ ಉದಾಹರಣೆಗೆ 60 ಆಂಪಿಯರ್ ಫ್ಯೂಸ್ ಸಾಕು. ಎಂಜಿನ್ ಕೋಣೆಯ ತಗಡಿನ ಗೋಡೆಯನ್ನು ತಂತಿ ದಾಟುವಲ್ಲಿ ರಬ್ಬರ್ ಬುಶ್ ಕಡ್ಡಾಯ.

ಉಪ್ಪುಗಾಳಿಯ ಊರಿನಲ್ಲಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರದಿಂದ ಉತ್ತರಕ್ಕೆ ಸಿಗುವ ತಲ್ಲೂರಿನಂಥ ಕರಾವಳಿಯ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸಮುದ್ರದ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿರುಮಳೆ ಲೋಹವನ್ನು ಬೇಗ ತುಕ್ಕು ಹಿಡಿಸುತ್ತವೆ. ಇದರ ಪೆಟ್ಟು ಮೊದಲು ಬೀಳುವುದು ಕಾರಿನ ದೇಹಕ್ಕೆ ಬಿಗಿದ ಅರ್ತಿಂಗ್ ಜೋಡಣೆಗೆ.

ತುಕ್ಕಿನಿಂದ ಜೋಡಣೆಯ ರೋಧ ಕೇವಲ 0.05 ಓಮ್ ಆದರೂ, 45 ಆಂಪಿಯರ್ ಹರಿದಾಗ ಆ ಒಂದು ಬೋಲ್ಟಿನಲ್ಲಿ ಸುಮಾರು 100 ವಾಟ್ ಶಾಖ ಹುಟ್ಟುತ್ತದೆ. ಪ್ರವಾಹ ಮಿತಿ ಮೀರದ ಕಾರಣ ಫ್ಯೂಸ್ ಹಾರುವುದಿಲ್ಲ. ಫ್ಯೂಸ್ ಇದ್ದೂ ಅವಘಡ ಸಂಭವಿಸುವ ದಾರಿ ಇದು. ದನಿ ಏರಿಸಿದಾಗ ಹೆಡ್‌ಲೈಟ್ ಮಂಕಾಗುವುದು, ಆಂಪ್ಲಿಫೈಯರ್ ಆಗಾಗ ತಾನೇ ನಿಲ್ಲುವುದು, ಸುಟ್ಟ ವಾಸನೆ ಬರುವುದು ಇದರ ಸೂಚನೆಗಳಾಗಿರಬಹುದು.

ಪರಿಹಾರ ಸರಳ. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ, ವಿದ್ಯುತ್ ತಂತಿಯಷ್ಟೇ ದಪ್ಪದ ಗಿಡ್ಡ ಅರ್ತಿಂಗ್ ತಂತಿಯನ್ನು ತವರ ಲೇಪಿತ ಲಗ್ ಮೂಲಕ ಬಿಗಿಯಬೇಕು. ಬಳಿಕ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಕೂಡದು. ಮಳೆಗಾಲದ ಮೊದಲು ಮತ್ತು ನಂತರ ಜೋಡಣೆ ಬಿಚ್ಚಿ ನೋಡುವುದು ಒಳ್ಳೆಯದು.

ಓಮ್ ಹೊಂದಾಣಿಕೆ

4 ಓಮ್‌ನ ಎರಡು ಸುರುಳಿಗಳಿರುವ ಸಬ್‌ವೂಫರನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರವಾಗಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರಿನ ಕನಿಷ್ಠ ಮಿತಿ 4 ಓಮ್ ಇದ್ದಲ್ಲಿ ಎರಡನೆಯ ಜೋಡಣೆ ಅದನ್ನು ಸುಡಬಹುದು.

ಕೆಲಸದ ಕ್ರಮ

* ಮೊದಲು ಬ್ಯಾಟರಿಯ ಋಣಾಗ್ರ ಬಿಚ್ಚಬೇಕು. ಕೊನೆಗೆ ಜೋಡಿಸಬೇಕಾದದ್ದೂ ಅದನ್ನೇ.
* ವಿದ್ಯುತ್ ತಂತಿ ಒಂದು ಬದಿಯಲ್ಲಿ, ಧ್ವನಿ ಸಂಕೇತದ ತಂತಿ ಇನ್ನೊಂದು ಬದಿಯಲ್ಲಿ ಸಾಗಬೇಕು. ಇಲ್ಲವಾದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕೀರಲು ಸದ್ದು ಕೇಳಬಹುದು.
* ಸ್ಟೀರಿಯೋದ ರಿಮೋಟ್ ತಂತಿ ಜೋಡಿಸಬೇಕು. ಇಲ್ಲದಿದ್ದರೆ ಆಂಪ್ಲಿಫೈಯರ್ ಚಾಲೂ ಆಗದು.
* ಫ್ಯೂಸ್ ಕೊನೆಗೆ ಹಾಕಿ, ಗೇನ್ ಕನಿಷ್ಠದಲ್ಲಿಟ್ಟು ಆರಂಭಿಸಬೇಕು.
* ಅರ್ಧ ಗಂಟೆ ಬಳಸಿದ ಮೇಲೆ ವ್ಯವಸ್ಥೆಯನ್ನು ಆರಿಸಿ ಪ್ರತಿ ಜೋಡಣೆಯನ್ನು ಎಚ್ಚರದಿಂದ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಮತ್ತೆ ಬಿಚ್ಚಿ ಸರಿಪಡಿಸುವವರೆಗೆ ಬಳಸಬಾರದು.

ದನಿಗೂ ಮಿತಿಯಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಗರಿಷ್ಠ ಮಟ್ಟ.