ಒಂದು ಬಾಟ್ಲಿ ಏರಸ್ರೀ ಡಾಕ್ಟ್ರೇ...

ಜಾಲಹಳ್ಳಿ ಅಂದ್ರೆ ಬೆಂಗಳೂರಿನವರಿಗೆ ಎಚ್‌ಎಂಟಿ ನೆನಪಾಗುತ್ತೆ. ನಾನು ಹೇಳ್ತಿರೋದು ದೇವದುರ್ಗ ತಾಲೂಕಿನ ಜಾಲಹಳ್ಳಿ. ನಮ್ಮ ಕಡೆ ಜ್ವರ ಬಂದು ಕೂಸು ಸುಸ್ತಾದ್ರೆ ಮೊದಲು ಬರೋ ಮಾತು, "ಒಂದು ಬಾಟ್ಲಿ ಏರಸ್ರೀ ಡಾಕ್ಟ್ರೇ". ಹಳ್ಳಿ ಮಂದಿಯ ನಂಬಿಕೆ ಅಂತ ನಗಬೇಡಿ. ದೊಡ್ಡ ದೊಡ್ಡ ತಜ್ಞರೂ ಇದನ್ನೇ ನಂಬಿದ್ದರು.

ಸೋಂಕಿನ ಜೊತೆ ಹೋರಾಡೋ ದೇಹ ಹದ ತಪ್ಪಿ ತನ್ನ ಅಂಗಾಂಗಗಳಿಗೇ ಪೆಟ್ಟು ಕೊಡೋದು ಸೆಪ್ಸಿಸ್. ನಮ್ಮ ಮಾತಲ್ಲಿ, ಮೈಗೆಲ್ಲ ನಂಜೇರೋದು. ರಕ್ತನಾಳಗಳು ಸಡಿಲಾಗಿ ಸೋರ್ತವೆ, ರಕ್ತದೊತ್ತಡ ಕುಸಿಯುತ್ತೆ. ಹಾಗಾದ್ರೆ ದ್ರವ ತುಂಬಿಸಿದ್ರಾಯ್ತಲ್ಲ? 1991ರಲ್ಲಿ ಅಮೆರಿಕದ ವೈದ್ಯರು ಇಂಥ 34 ಮಕ್ಕಳ ಲೆಕ್ಕ ಪ್ರಕಟಿಸಿದರು. ಮೊದಲ ಗಂಟೆಯಲ್ಲೇ ಕಿಲೋ ತೂಕಕ್ಕೆ 40 ಮಿಲಿಲೀಟರಿಗಿಂತ ಹೆಚ್ಚು ದ್ರವ ಪಡೆದವರು 9 ಮಕ್ಕಳು, ಅದರಲ್ಲಿ 8 ಮಕ್ಕಳು ಬದುಕಿದ್ದರು. ಬೇಗ ಬೇಗ ಏರಿಸಿ ಅನ್ನೋದು ಜಗತ್ತಿಗೇ ಪಾಠವಾಗಿದ್ದರಲ್ಲಿ ಈ ಲೆಕ್ಕದ ಪಾಲು ದೊಡ್ಡದು. (9 ಟೆಸ್ಟ್ ಕೇಸ್ ನೋಡಿ ರಿಲೀಸ್ ಮಾಡಿದ್ರೆ ನಮ್ಮ ಮ್ಯಾನೇಜರ್ ಸುಮ್ನೆ ಬಿಡ್ತಾರಾ?)

ಇದನ್ನ ಸರಿಯಾಗಿ ಪರೀಕ್ಷೆ ಮಾಡಿದ್ದು ಆಫ್ರಿಕಾದಲ್ಲಿ. ಐಸಿಯು ಇಲ್ಲದ ಉಗಾಂಡಾ, ಕೀನ್ಯಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದ 'ಫೀಸ್ಟ್' ಅಧ್ಯಯನ 2011ರಲ್ಲಿ ಪ್ರಕಟವಾಯ್ತು. ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ 3141 ಮಕ್ಕಳು. ಒಮ್ಮೆಲೇ ದ್ರವ ಏರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಶೇ. 10.6 ಮತ್ತು 10.5 ಮಕ್ಕಳು ತೀರಿಕೊಂಡರು. ಹಾಗೆ ಏರಿಸದ ಗುಂಪಿನಲ್ಲಿ ಶೇ. 7.3. ಅಂದ್ರೆ ನೂರು ಮಕ್ಕಳಿಗೆ ಮೂರು ಸಾವು ಜಾಸ್ತಿ! ಅಧ್ಯಯನವನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು.

ಆದ್ರೆ ಆ 3141ರಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳು ಇರಲಿಲ್ಲ, ಅವರನ್ನ ಮೊದಲೇ ಹೊರಗಿಟ್ಟಿದ್ದರು. ಅದೇ 2011ರಲ್ಲಿ ರಾಯಚೂರು ಜಿಲ್ಲೆ ಪೇಪರು, ಟಿವಿಯಲ್ಲೆಲ್ಲ ಬಂದಿದ್ದು ಅಪೌಷ್ಟಿಕತೆಯಿಂದ ಸತ್ತ ಮಕ್ಕಳಿಂದಾಗಿ. ವಿಷಯ ಹೈಕೋರ್ಟ್ ಮುಟ್ಟಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಆಯ್ತು. ಚರ್ಚೆಯೆಲ್ಲ ಅಂಗನವಾಡಿ, ಮೊಟ್ಟೆ, ಹಾಲಿನದು. ಅದೂ ಬೇಕು. ಆದರೆ ಒಣಗಿದ ಕೂಸನ್ನ ಕೊನೆಗೆ ಒಯ್ಯೋದು ಎಷ್ಟೋ ಸಲ ನ್ಯುಮೋನಿಯಾ, ಭೇದಿಯಂಥ ಸೋಂಕು. ಅಂಥ ಕೂಸಿಗೆ ನಂಜೇರಿದ್ರೂ ಜ್ವರ ಬರದೇ ಇರಬಹುದು, ಮೈ ತಣ್ಣಗಾಗಬಹುದು. "ಮೈ ಬಿಸಿ ಇಲ್ಲ ಬಿಡ್ರಿ" ಅಂತ ಮನೆಯವರು ಸಮಾಧಾನ ಮಾಡ್ಕೋತಾರೆ. ಅದರ ಹೃದಯಕ್ಕೆ ಹೆಚ್ಚು ದ್ರವ ತಡೆಯೋ ಶಕ್ತಿಯೂ ಇಲ್ಲದಿರಬಹುದು.

2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಪಾಠ ತಿದ್ದಿತು: ಐಸಿಯು ಇಲ್ಲದ ಕಡೆ, ರಕ್ತದೊತ್ತಡ ಕುಸಿಯದೇ ಇದ್ರೆ, ಒಮ್ಮೆಲೇ ದ್ರವ ಸುರಿಯಬೇಡಿ. 2024ರಲ್ಲಿ ಮಕ್ಕಳ ಸೆಪ್ಸಿಸ್‌ಗೆ 'ಫೀನಿಕ್ಸ್' ಅನ್ನೋ ಹೊಸ ಮಾನದಂಡವೂ ಬಂತು. ಅದರ ಪ್ರಕಾರ ಸೆಪ್ಸಿಸ್ ಆದ ಮಕ್ಕಳಲ್ಲಿ, ಅನುಕೂಲವಿದ್ದ ಆಸ್ಪತ್ರೆಗಳಲ್ಲಿ ಸತ್ತವರು ಶೇ. 7.1, ಅನುಕೂಲ ಕಡಿಮೆ ಇದ್ದಲ್ಲಿ ಶೇ. 28.5. ಮಾನದಂಡ ರೂಪಿಸಲು ಬಳಸಿದ್ದು ಐದು ದೇಶಗಳ ಆಸ್ಪತ್ರೆ ದಾಖಲೆ. ಬಾಂಗ್ಲಾದೇಶ ಇದೆ, ಕೀನ್ಯಾ ಇದೆ. ಭಾರತ ಇಲ್ಲ.