ಗ್ಲಾಸ್ಗೋದ ಟೋಪಿಯಿಂದ ನಮ್ಮೂರ ಸ್ಕಾರ್ಫಿನವರೆಗೆ

ಕಳೆದ ಬೇಸಿಗೆಯಲ್ಲಿ ಜವನಗೊಂಡನಹಳ್ಳಿ ಹತ್ತಿರದ ಹೈವೇ ಡಾಬಾವೊಂದರಲ್ಲಿ ನಾವು ಹನ್ನೊಂದು ಜನ ಸೇರಿದ್ದೆವು. ಎಲ್ಲರೂ ಹೈಸ್ಕೂಲಿನಲ್ಲಿ ಒಂದೇ ಸ್ಕೌಟ್ ದಳದಲ್ಲಿದ್ದವರು. ಒಬ್ಬ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, ಇಬ್ಬರು ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಉಳಿದವರದ್ದು ತೋಟ, ಜಮೀನು, ಸಣ್ಣಪುಟ್ಟ ವ್ಯಾಪಾರ. ಎಸ್ಸೆಸ್ಸೆಲ್ಸಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದ ಎಷ್ಟೋ ಜನರ ಹೆಸರು ನನಗೆ ಮರೆತುಹೋಗಿದೆ. ಈ ಹನ್ನೊಂದು ಜನರಲ್ಲಿ ಮಾತ್ರ ಯಾರ ಮನೆಯಲ್ಲಿ ಮದುವೆಯಾದರೂ ಸಾವಾದರೂ ಉಳಿದವರು ಹೋಗದೆ ಇರುವುದಿಲ್ಲ.

ಒಬ್ಬ ಹಳೇ ಸ್ಕಾರ್ಫ್ ತಂದಿದ್ದ. ಅದನ್ನು ಒಬ್ಬೊಬ್ಬರೂ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಮ್ಮ ಕ್ಲಾಸಿನವನೇ ಆದ ಇನ್ನೊಬ್ಬ ಗೆಳೆಯ ಟೆಂಪೊ ನಿಲ್ಲಿಸಿ ಟೀ ಕುಡಿಯಲು ಬಂದ. ಹಿರಿಯೂರಿಗೆ ಶೇಂಗಾ ಹೇರಿಕೊಂಡು ಹೊರಟಿದ್ದ. "ಬಾರೋ, ನೀನೂ ನಿಂತ್ಕೋ" ಅಂತ ಕರೆದೆವು. ಅವನು ನಗುತ್ತಲೇ ಹೇಳಿದ: "ಬೇಡ ಕಣ್ರೋ. ಡ್ರೆಸ್ ಇಲ್ಲ ಅಂತ ನನ್ನ ಹೆಸರು ಹೊಡೆದಿದ್ರಲ್ಲ, ನಾನೆಲ್ಲಿ ಸ್ಕೌಟು?"

ನಮ್ಮಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಅವನಿಗೆ ಇತ್ತು.

ಈ ಸಮವಸ್ತ್ರ, ಈ ದಳ, ಈ ಗೆಳೆತನ ಎಲ್ಲ ಎಲ್ಲಿಂದ ಬಂತು ಎಂದು ಹುಡುಕಲು ಶುರುಮಾಡಿದ್ದು ಆವತ್ತಿನಿಂದ. ಹುಡುಕುತ್ತಾ ಹೋದರೆ ದಾರಿ ಒಂದು ಚರ್ಚಿನ ಹಾಲ್‌ಗೆ ಹೋಗಿ ನಿಂತಿತು.

ಭಾನುವಾರದ ಶಾಲೆಯ ತುಂಟರು

ಸ್ಕಾಟ್ಲೆಂಡಿನ ಗ್ಲಾಸ್ಗೋ ಆಗ ಕಾರ್ಖಾನೆಗಳ, ಹಡಗು ಕಟ್ಟೆಗಳ ಊರು. ಅಲ್ಲಿನ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬ ವ್ಯಾಪಾರಿ ಭಾನುವಾರ ಚರ್ಚಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ಬಿಡುವಿನಲ್ಲಿ ಸ್ವಯಂಸೇವಕ ಸೈನ್ಯದ ಅಧಿಕಾರಿಯೂ ಆಗಿದ್ದ. ಹನ್ನೆರಡು ದಾಟಿದ ಹುಡುಗರು ಪಾಠಕ್ಕೆ ಕೂರುತ್ತಿರಲಿಲ್ಲ. ಗಲಾಟೆ ಮಾಡುತ್ತಿದ್ದರು, ಇಲ್ಲವೇ ಬರುವುದನ್ನೇ ಬಿಡುತ್ತಿದ್ದರು. ಅದೇ ವಯಸ್ಸಿನವರು ಕವಾಯತು ಮೈದಾನದಲ್ಲಿ ಹೇಗೆ ಶಿಸ್ತಾಗಿರುತ್ತಾರೆ ಎಂಬುದನ್ನು ಸ್ಮಿತ್ ಕಂಡಿದ್ದ. ಎರಡನ್ನೂ ಜೋಡಿಸಿದ. 1883ರ ಅಕ್ಟೋಬರ್ 4ರಂದು ಫ್ರೀ ಚರ್ಚಿನ ಮಿಷನ್ ಹಾಲಿನಲ್ಲಿ 'ಬಾಯ್ಸ್ ಬ್ರಿಗೇಡ್' ಹುಟ್ಟಿತು. ಲಂಗರು ಅದರ ಗುರುತು. ಬೈಬಲಿನ ಒಂದು ಪತ್ರಿಕೆಯಲ್ಲಿ ಭರವಸೆಯನ್ನು ಲಂಗರಿಗೆ ಹೋಲಿಸಿರುವುದರಿಂದ ಬಂದದ್ದು ಅದು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಸಮವಸ್ತ್ರದ ಸಂಗತಿ. ಅವರದ್ದು ಪೂರ್ತಿ ಡ್ರೆಸ್ ಆಗಿರಲಿಲ್ಲ. ಒಂದು ಸಣ್ಣ ದುಂಡನೆ ಟೋಪಿ, ಒಂದು ಬೆಲ್ಟು, ಹೆಗಲಿಗೆ ಒಂದು ಬಟ್ಟೆ ಚೀಲ. ಇಷ್ಟನ್ನು ದಿನಾ ಹಾಕುವ ಬಟ್ಟೆಯ ಮೇಲೆಯೇ ತೊಟ್ಟರೆ ಮುಗಿಯಿತು. ಕೂಲಿಕಾರರ ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವ ಶಕ್ತಿ ಇರಲಿಲ್ಲ. ಟೋಪಿ, ಬೆಲ್ಟು ಹಾಕಿ ಸಾಲಿನಲ್ಲಿ ನಿಂತರೆ ಯಾರ ಅಪ್ಪ ಏನು ಕೆಲಸ ಮಾಡುತ್ತಾನೆ ಎಂಬುದು ಹಿಂದಕ್ಕೆ ಸರಿಯುತ್ತಿತ್ತು. ಬಡವರ ಮಕ್ಕಳು ಹೊರಗೆ ಉಳಿಯಬಾರದು ಎಂದೇ ಅಳತೆ ಮಾಡಿದ ಸಮವಸ್ತ್ರ ಅದು.

1886ರಲ್ಲಿ ಸ್ಮಿತ್ ತನ್ನ ಹುಡುಗರನ್ನು ಸಮುದ್ರದಂಚಿನ ಊರೊಂದಕ್ಕೆ ಶಿಬಿರಕ್ಕೆ ಕರೆದೊಯ್ದ. ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಮಲಗುವುದು, ಪಾಳಿಯಲ್ಲಿ ಕೆಲಸ ಮಾಡುವುದು. ಗೆಳೆತನ ಗಟ್ಟಿಯಾಗಿದ್ದು ಇಂಥ ಕಡೆ. ದೊಡ್ಡವರಾಗಿ ದಳ ಬಿಟ್ಟವರು ಹಳೇ ಹುಡುಗರ ಸಂಘಗಳನ್ನು ಕಟ್ಟಿಕೊಂಡರು, ಎಷ್ಟೋ ಜನ ತಾವೇ ಅಧಿಕಾರಿಗಳಾಗಿ ಮರಳಿ ಬಂದರು. 1930ರಲ್ಲಿ ಸಿಂಗಪುರಕ್ಕೆ ಹೋದ ಬ್ರಿಗೇಡ್ ಅಲ್ಲಿ ಇವತ್ತಿಗೂ ಶಾಲೆಗಳಲ್ಲೇ ನಡೆಯುತ್ತಿದೆ. ಚರ್ಚಿನ ಬೇರು ಹಾಗೇ ಇದ್ದರೂ ಬೇರೆ ಧರ್ಮದ ಮಕ್ಕಳೂ ಸೇರುತ್ತಾರೆ.

ಹುಡುಗಿಯರು ಹಿಂದೆ ಬೀಳಲಿಲ್ಲ. 1893ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಗರ್ಲ್ಸ್ ಬ್ರಿಗೇಡ್ ಶುರುವಾಯಿತು.

ಬ್ರಿಗೇಡಿನಿಂದ ಸ್ಕೌಟಿಗೆ

ನಮ್ಮ ಹಳ್ಳಿ ಶಾಲೆಗಳಿಗೆ ಬಾಯ್ಸ್ ಬ್ರಿಗೇಡ್ ನೇರವಾಗಿ ಬರಲಿಲ್ಲ. ಬಂದದ್ದು ಅದರ ತಮ್ಮನಂಥ ಸ್ಕೌಟ್. ಬ್ರಿಟಿಷ್ ಸೈನ್ಯದ ಅಧಿಕಾರಿ ಬೇಡನ್ ಪೊವೆಲ್ 1904ರಲ್ಲಿ ಗ್ಲಾಸ್ಗೋದಲ್ಲಿ ಬ್ರಿಗೇಡಿನ ಸಾವಿರಾರು ಹುಡುಗರ ಕವಾಯತು ನೋಡಿದ. ಸೈನಿಕರಿಗಾಗಿ ತಾನು ಬರೆದಿದ್ದ ಪುಸ್ತಕವನ್ನು ಹುಡುಗರಿಗೆ ಒಗ್ಗುವಂತೆ ತಿದ್ದಲು ಅವನಿಗೆ ಹುರುಪು ಕೊಟ್ಟವರಲ್ಲಿ ಸ್ಮಿತ್ ಮುಖ್ಯ. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರ ಶಿಬಿರ ನಡೆಯಿತು. ಅರ್ಧದಷ್ಟು ಮಕ್ಕಳು ಶ್ರೀಮಂತರ ಶಾಲೆಯವರು, ಉಳಿದರ್ಧ ಹತ್ತಿರದ ಊರುಗಳ ಬಾಯ್ಸ್ ಬ್ರಿಗೇಡಿನವರು, ಅಂದರೆ ದುಡಿಯುವವರ ಮಕ್ಕಳು. ಅವರನ್ನು ಬೆರೆಸಿ ನಾಲ್ಕು ಸಣ್ಣ ಗುಂಪು ಮಾಡಿದರು. ನಾವು 'ಪೆಟ್ರೋಲ್' ಎಂದು ಕರೆಯುತ್ತಿದ್ದೆವಲ್ಲ, ಆ ಗುಂಪಿನ ಮೊದಲ ರೂಪ ಇದೇ.

ಎರಡೇ ವರ್ಷಕ್ಕೆ, 1909ರಲ್ಲಿ, ಅದು ಭಾರತಕ್ಕೆ ಬಂತು. ಬಂದದ್ದು ನಮ್ಮ ಬೆಂಗಳೂರಿಗೇ. ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬುವರು ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ದೇಶದ ಮೊದಲ ಸ್ಕೌಟ್ ದಳ ಕಟ್ಟಿದರು. ಆಂಗ್ಲಿಕನ್ ಚರ್ಚಿನವರು 1865ರಲ್ಲಿ ಕಟ್ಟಿದ ಶಾಲೆ ಅದು. ಅದರ ಹಳೇ ವಿದ್ಯಾರ್ಥಿಗಳು ಇಂದಿಗೂ 'ಓಲ್ಡ್ ಕಾಟೋನಿಯನ್ಸ್' ಎಂದು ಕರೆದುಕೊಳ್ಳುತ್ತಾರೆ.

ಆದರೆ ಆಗಿನ ಸ್ಕೌಟ್ ದಳಗಳಲ್ಲಿ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಜಾಗ. ಭಾರತದ ಹುಡುಗರಿಗೆ ಗುಂಪು ಕಟ್ಟುವುದು, ದಾರಿ ಹುಡುಕುವುದು, ಸಂಕೇತ ಕಳಿಸುವುದು ಕಲಿಸಿದರೆ ನಾಳೆ ಅದು ತಮ್ಮ ಮೇಲೆಯೇ ತಿರುಗೀತು ಎಂಬ ಅಂಜಿಕೆ ಸರ್ಕಾರಕ್ಕಿತ್ತು. ಗ್ಲಾಸ್ಗೋದಲ್ಲಿ ಬಡ ಹುಡುಗರನ್ನು ಒಳಗೆ ಕರೆದ ಸಮವಸ್ತ್ರ ಕಂಟೋನ್ಮೆಂಟಿಗೆ ಬರುವ ಹೊತ್ತಿಗೆ ಬೇಲಿಯಾಗಿತ್ತು.

ಬೇಲಿ ದಾಟಿದವರು

ಬೇಲಿ ದಾಟಲು ಜನ ಬೇರೆ ಬೇರೆ ದಾರಿ ಹುಡುಕಿದರು. ಆನಿ ಬೆಸೆಂಟ್ ಮದರಾಸಿನಲ್ಲಿ ಅರುಂಡೇಲ್ ಜೊತೆ ಸೇರಿ ಭಾರತೀಯ ಹುಡುಗರಿಗೇ ಬೇರೆ ಸ್ಕೌಟ್ ಸಂಘ ಕಟ್ಟಿದರು. ಅಲ್ಲಿ ಹ್ಯಾಟಿನ ಬದಲು ರುಮಾಲು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿಯ ಸ್ಕೌಟ್ ದಳ ನಡೆಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಅವರ ಸಂಘಟನೆಯೊಳಗೆ ಸೇರಿತು. ದೊಡ್ಡಬಳ್ಳಾಪುರದ ಸ್ಕೌಟ್ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರು ಯಾಕಿದೆ ಎಂದು ಅಲ್ಲಿ ಶಿಬಿರ ಮಾಡಿದವರಿಗೆ ಈಗ ಗೊತ್ತಾದೀತು.

ನಮ್ಮವರೇ ಆದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಇನ್ನೊಂದು ದಾರಿ ಹಿಡಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಅವರ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು ಕ್ಷಮೆ ಕೇಳದೆ ಜೈಲಿನಲ್ಲಿದ್ದರು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನದಲ್ಲಿ ವ್ಯವಸ್ಥೆಗೆ ನಿಂತ ಸ್ವಯಂಸೇವಕರನ್ನು ತಯಾರು ಮಾಡಿದವರು ಇವರೇ. ಕವಾಯತು, ಸಮವಸ್ತ್ರ, ಶಿಬಿರ ಎಲ್ಲವೂ ಇತ್ತು, ಗುರಿ ಮಾತ್ರ ಸ್ವರಾಜ್ಯ. ಭಾರತ ಸೇವಾದಳ ಎಂಬ ಹೆಸರಲ್ಲಿ ಆ ಎಳೆ ನಮ್ಮ ಸರ್ಕಾರಿ ಶಾಲೆಗಳಿಗೂ ಬಂದಿದೆ.

ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಹಲವು ಸ್ಕೌಟ್ ಸಂಘಗಳು ಸೇರಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆಯಿತು. ಮರುವರ್ಷ ಗೈಡ್ ಹುಡುಗಿಯರೂ ಸೇರಿದರು. ಕರ್ನಾಟಕದಲ್ಲಿ ಅದನ್ನು ಹಳ್ಳಿಗಳ ಕಡೆ ತಂದವರ ಹೆಸರು ಹೇಳುವಾಗ ನಮ್ಮ ಜಿಲ್ಲೆಯವರು ಕೊಂಡಜ್ಜಿ ಬಸಪ್ಪನವರನ್ನು ಮರೆಯುವಂತಿಲ್ಲ. 1971ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು. ಹರಿಹರ ತಾಲ್ಲೂಕಿನ ಅವರ ಊರು ಕೊಂಡಜ್ಜಿಯಲ್ಲಿ ಕೆರೆ, ಗುಡ್ಡದ ಮಗ್ಗುಲಿಗೆ ಸ್ಕೌಟ್ ಶಿಬಿರದ ಜಾಗವಿದೆ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕೆ ಮುಂಚೆ ಅದೂ ಚಿತ್ರದುರ್ಗ ಜಿಲ್ಲೆಯೇ. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ ಕಚೇರಿಯಲ್ಲಿರುವ ಸಭಾಂಗಣಕ್ಕೂ ಅವರದೇ ಹೆಸರು.

ಗಂಟು ಬಿಚ್ಚದಿರುವುದು ಯಾಕೆ?

ನಾವೂ ಕೊಂಡಜ್ಜಿಗೆ ಹೋಗಿದ್ದೆವು. ಪರೀಕ್ಷೆಗೆ ಕಟ್ಟಿದ ಗಂಟುಗಳಲ್ಲಿ ಈಗ ನೆನಪಿರುವುದು ರೀಫ್ ಗಂಟು ಒಂದೇ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಅನ್ನ ತಳ ಹಿಡಿದದ್ದು, ಅದನ್ನೇ ಎಂಟು ಜನ ಹಂಚಿಕೊಂಡು ತಿಂದದ್ದು, ರಾತ್ರಿ ಪಾಳಿಯಲ್ಲಿ ಗುಡಾರ ಕಾಯುವಾಗ ಒಬ್ಬ ಮನೆ ನೆನೆದು ಅತ್ತದ್ದು, ಉಳಿದವರು ಅದನ್ನು ಯಾರಿಗೂ ಹೇಳದೆ ಇದ್ದದ್ದು, ಇದೆಲ್ಲ ನಿನ್ನೆಯ ಹಾಗಿದೆ.

ಕ್ಲಾಸಿನಲ್ಲಿ ಅರವತ್ತು ಜನ ಇರುತ್ತೇವೆ, ಒಬ್ಬ ಬರದಿದ್ದರೆ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಾಗುತ್ತದೆ. ಎಂಟು ಜನರ ಪೆಟ್ರೋಲಿನಲ್ಲಿ ಒಬ್ಬ ಬರದಿದ್ದರೆ ಸೌದೆ ಬರುವುದಿಲ್ಲ, ಇಲ್ಲವೇ ನೀರು ಬರುವುದಿಲ್ಲ. ಹೀಗೆ ಒಬ್ಬರಿಗೊಬ್ಬರು ಬೇಕಾಗಿದ್ದೇ ಆ ಗೆಳೆತನದ ಬುಡ ಎಂದು ನನಗೆ ಅನಿಸುತ್ತದೆ. ಗ್ಲಾಸ್ಗೋದ ಹಳೇ ಹುಡುಗರು ಸಂಘ ಕಟ್ಟಿಕೊಂಡಿದ್ದಕ್ಕೂ, 1953ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಹಳೇ ಸ್ಕೌಟ್, ಗೈಡುಗಳದೇ ಅಂತಾರಾಷ್ಟ್ರೀಯ ಕೂಟ ಹುಟ್ಟಿದ್ದಕ್ಕೂ, ನಾವು ಹನ್ನೊಂದು ಜನ ಡಾಬಾದಲ್ಲಿ ಸೇರಿದ್ದಕ್ಕೂ ಕಾರಣ ಒಂದೇ ಇರಬೇಕು.

ಹಾಗಿದ್ದರೆ ಡ್ರೆಸ್ಸಿಗೆ ದುಡ್ಡಿಲ್ಲದೆ ಹೊರಗುಳಿದ ಹುಡುಗ ಕಳೆದುಕೊಂಡದ್ದು ಒಂದು ಶರ್ಟು, ಒಂದು ಸ್ಕಾರ್ಫು ಮಾತ್ರವಲ್ಲ. ಮದುವೆಗೆ ಬರುವ, ಸಾವಿಗೆ ಹೆಗಲು ಕೊಡುವ ಹನ್ನೊಂದು ಜನರನ್ನು. 1883ರಲ್ಲೇ ಒಬ್ಬ ವ್ಯಾಪಾರಿ ಟೋಪಿ, ಬೆಲ್ಟಿನಲ್ಲಿ ಬಗೆಹರಿಸಿದ್ದ ಸಮಸ್ಯೆ ಅದು. ನಮ್ಮ ದಳದಲ್ಲಿ ಯಾರಿಗೂ ಹೊಳೆಯಲಿಲ್ಲ. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿದ್ದರೆ ಅವನಿಗೊಂದು ಡ್ರೆಸ್ ಆಗುತ್ತಿತ್ತು.

ಆವತ್ತು ಡಾಬಾದಿಂದ ಹೊರಡುವ ಮುಂಚೆ ಒಂದು ತೀರ್ಮಾನ ಮಾಡಿದೆವು. ನಮ್ಮಲ್ಲಿರುವ ಮೇಷ್ಟ್ರು ಇಬ್ಬರೂ ತಮ್ಮ ಶಾಲೆಯಲ್ಲಿ ಸೇರಲು ಆಸೆಪಟ್ಟ ಮಕ್ಕಳ ಪಟ್ಟಿ ಕೊಡಬೇಕು, ಹೊಲಿಸಿಕೊಡುವ ಖರ್ಚು ನಮ್ಮದು. ವರ್ಷ ಮುಗಿದ ಮೇಲೆ ಡ್ರೆಸ್ ಶಾಲೆಗೇ ವಾಪಸು, ಮುಂದಿನ ಮಗುವಿಗೆ. ನಿಮ್ಮೂರಲ್ಲೂ ಹಳೇ ಸ್ಕೌಟು, ಗೈಡು, ಸೇವಾದಳದವರು ಇದ್ದರೆ ಇದು ದೊಡ್ಡ ಕೆಲಸವೇನಲ್ಲ.

ಟೆಂಪೊ ಗೆಳೆಯನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದ್ದೇವೆ. ಜೂನ್‌ನಲ್ಲಿ ಮೊದಲ ಕಂತಿಗೆ ದುಡ್ಡು ಕೂಡಿಸುವಾಗ ಎಲ್ಲರಿಗಿಂತ ಮುಂಚೆ ಹಾಕಿದವನು ಅವನೇ. ಜೊತೆಗೆ ಒಂದು ಸಾಲು ಬರೆದಿದ್ದ: "ಬೆಲ್ಟು ಮರೀಬೇಡ್ರಪ್ಪ."