ನಮ್ಮ ಸೀಮೆಗೆ ಸ್ಕೂಟರ್ ಬಂದ ಬಗೆ



ಸಂಘದ ಹುಟ್ಟು, ಷೇರು, ಸಾಲ, ಲಾಭಾಂಶ ಇವುಗಳ ಬಗ್ಗೆ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬೇರೆಯವರು ವಿವರವಾಗಿ ಬರೆದಿದ್ದಾರೆ. ನಮ್ಮ ಪಾಲಿಗೆ ಇತಿಹಾಸದ ಲೇಖನ ಬಂದಿದೆ. ರಾಜರ ಇತಿಹಾಸ, ಶಾಸನಗಳ ಇತಿಹಾಸ ಬರೆಯಲು ಓದಿದವರಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಆದ್ದರಿಂದ ಪ್ರತಿ ಮನೆಯ ಜಗಲಿ ಮುಂದೆ ನಿಂತಿರುವ ಸ್ಕೂಟರಿನ ಇತಿಹಾಸವನ್ನೇ ಬರೆಯೋಣ ಅಂತ ತೀರ್ಮಾನಿಸಿದೆವು. ಇದೂ ಒಂದು ಇತಿಹಾಸವೇ ಎಂದು ಕೆಲವರು ನಗಬಹುದು. ಆದರೆ ಕೆ.ಆರ್.ಪುರದ ಆಚೆಗಿನ ಹಳ್ಳಿಗಳು ಪೇಟೆಗೆ ಹತ್ತಿರವಾದದ್ದರಲ್ಲಿ ಬಸ್ಸಿನಷ್ಟೇ ಪಾಲು ಸ್ಕೂಟರಿಗೂ ಇದೆ ಎಂದರೆ ಅತಿಶಯೋಕ್ತಿಯಾಗಲಾರದು.

ಸ್ಕೂಟರಿನ ಮೂಲ ಅಮೆರಿಕವೋ ಜಪಾನೋ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ದೇಶಕ್ಕೆ ಬಂದ ಗಾಡಿಗಳ ತವರು ಇಟಲಿ. ಅಲ್ಲಿನ ಪಿಯಾಜಿಯೊ ಕಂಪನಿ ವಿಮಾನ ತಯಾರಿಸುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅದರ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಯಿತು. ಯುದ್ಧ ಮುಗಿದ ಮೇಲೆ ಜನರಿಗೆ ಓಡಾಡಲು ಅಗ್ಗದ ಗಾಡಿ ಬೇಕಾಯಿತು. ಆಗ ಕೊರಾಡಿನೊ ದಸ್ಕಾನಿಯೊ ಎಂಬ ವಿಮಾನದ ಎಂಜಿನಿಯರು ರೂಪಿಸಿದ ವೆಸ್ಪಾ 1946ರಲ್ಲಿ ಹೊರಬಂತು. ವೆಸ್ಪಾ ಅಂದರೆ ಆ ಭಾಷೆಯಲ್ಲಿ ಕಣಜದ ಹುಳು. ಅದರ ಮುಂಚಕ್ರ ಒಂದೇ ಪಕ್ಕದ ತೋಳಿಗೆ ಕೂತಿರುವುದು ವಿಮಾನದ ಚಕ್ರದ ರೀತಿಯಲ್ಲಿ; ಪಂಕ್ಚರ್ ಆದಾಗ ಬಿಚ್ಚಲು ಸುಲಭ. ಮಾರನೇ ವರ್ಷ ಮಿಲಾನ್ ನಗರದಿಂದ ಲ್ಯಾಂಬ್ರೆಟಾ ಬಂತು.

ನಮ್ಮ ದೇಶದಲ್ಲಿ ಬಜಾಜ್ ಮನೆತನದವರು 1948ರಿಂದ ವೆಸ್ಪಾ ಗಾಡಿಗಳನ್ನು ಹೊರದೇಶದಿಂದ ತರಿಸಿ ಮಾರಿದರು. 1950ರ ದಶಕದಲ್ಲಿ ಮುಂಬಯಿಯ ಕಂಪನಿಯೊಂದು ಲ್ಯಾಂಬ್ರೆಟಾ ಜೋಡಿಸಲು ಶುರುಮಾಡಿತು. 1959ರಲ್ಲಿ ಬಜಾಜಿನವರಿಗೆ ತಯಾರಿಕೆಯ ಲೈಸೆನ್ಸು ಸಿಕ್ಕಿತು. ಪುಣೆ ಹತ್ತಿರದ ಆಕುರ್ಡಿಯಲ್ಲಿ ಕಾರ್ಖಾನೆ ಎದ್ದಿತು. ಇಟಲಿಯವರ ಒಪ್ಪಂದ 1971ರಲ್ಲಿ ಮುಗಿಯಿತು. ಮಾರನೇ ವರ್ಷ, 1972ರಲ್ಲಿ, ಅದೇ ಅಚ್ಚಿನ ಗಾಡಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಆಗಿ ಬಂತು.

ಗಾಡಿ ಬಂತು ಸರಿ, ಜನರ ಕೈಗೆ ಸಿಗಬೇಕಲ್ಲ! ಸ್ಕೂಟರಿನ ಹಂಚಿಕೆ ಮತ್ತು ಮಾರಾಟಕ್ಕೆ 1960ರಲ್ಲೇ ಕೇಂದ್ರ ಸರ್ಕಾರದ ನಿಯಂತ್ರಣ ಆಜ್ಞೆ ಇತ್ತು. ಲೈಸೆನ್ಸಿನಲ್ಲಿ ಬರೆದ ಸಂಖ್ಯೆಗಿಂತ ಹೆಚ್ಚು ಗಾಡಿ ತಯಾರಿಸಲು ಕಾರ್ಖಾನೆಗೆ ಅಪ್ಪಣೆ ಇರಲಿಲ್ಲ. ಕೇಳುವವರು ಲಕ್ಷಾಂತರ, ಗಾಡಿ ಕೆಲವೇ ಸಾವಿರ. ಠೇವಣಿ ಇಟ್ಟು, ಹೆಸರು ಬರೆಸಿ ಕಾಯಬೇಕು. ಬಜಾಜ್ ಗಾಡಿಗೆ ಹತ್ತು ವರ್ಷ ಕಾದವರೂ ಇದ್ದರು. ವಿದೇಶದಲ್ಲಿ ದುಡಿಯುವ ನೆಂಟರು ಡಾಲರ್ ಕಟ್ಟಿದರೆ ಸರದಿ ತಪ್ಪಿಸಿ ಬೇಗ ಸಿಗುತ್ತಿತ್ತು. ಮಗ ಹುಟ್ಟಿದಾಗ ಹೆಸರು ಬರೆಸಿದರೆ ಅವನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಗಾಡಿ ಬರುತ್ತೆ ಅಂತ ಹಿರಿಯರು ತಮಾಷೆ ಮಾಡುವುದುಂಟು.

ಇನ್ನು ನಮ್ಮ ಸೀಮೆಯ ಸಂಗತಿ. ಬೆಂಗಳೂರಿನ ಪೇಟೆಯೂ ದಂಡೂ 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ಅಷ್ಟರಲ್ಲಿ ಪೂರ್ವ ದಿಕ್ಕಿಗೆ ದೊಡ್ಡ ಕಾರ್ಖಾನೆಗಳು ಬಂದಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಹಲಸೂರಿನ ಆಚೆ ಇಂದಿರಾನಗರ, ಎಚ್.ಎ.ಎಲ್. ಎರಡನೇ ಹಂತ ಎಂದು ಬಡಾವಣೆಗಳು ಬೆಳೆದವು. ಅಲ್ಲಿನ ನೌಕರರಿಗೆ ಸಂಬಳದ ಚೀಟಿ ಇತ್ತು, ಸಾಲ ಸಿಗುತ್ತಿತ್ತು. ನಮ್ಮ ಹಿರಿಯರ ಹತ್ತಿರ ಇದ್ದದ್ದು ಪಹಣಿ. ಪಹಣಿ ತೋರಿಸಿದರೆ ಗೊಬ್ಬರಕ್ಕೆ ಸಾಲ ಕೊಟ್ಟಾರು, ಸ್ಕೂಟರಿಗೆ ಯಾರು ಕೊಡುತ್ತಾರೆ? ಹೀಗಾಗಿ ಪೇಟೆಯ ನೌಕರ ಹೊಸ ಗಾಡಿ ತೆಗೆದುಕೊಂಡಾಗ ಅವನ ಹಳೇ ಗಾಡಿ ಹಳ್ಳಿ ದಾರಿ ಹಿಡಿಯಿತು. ಸೆಕೆಂಡ್ ಹ್ಯಾಂಡ್ ಗಾಡಿಯೇ ರೈತನ ಗಾಡಿ.

ಹಳೇ ಗಾಡಿ ಅಂದ ಮೇಲೆ ರಿಪೇರಿ ತಪ್ಪಿದ್ದಲ್ಲ. ರಿಪೇರಿಗೆ ಸಾಮಾನು ಬೇಕಾದರೆ ಶಿವಾಜಿನಗರ. ನಮ್ಮವರು 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಗೆ ತರಕಾರಿ ಹಾಕಿ, ಬಂದ ದುಡ್ಡಿನಲ್ಲಿ ಹತ್ತಿರದ ಗುಜರಿ ಬೀದಿಗಳಿಗೆ ನುಗ್ಗುತ್ತಿದ್ದರು. ಬಿಚ್ಚಿ ಹಾಕಿದ ಗಾಡಿಗಳ ರಾಶಿಯಲ್ಲಿ ಮಡ್‌ಗಾರ್ಡು, ಕಾರ್ಬೊರೇಟರು, ಬ್ರೇಕ್ ಡ್ರಮ್ಮು, ಹೆಡ್‌ಲೈಟು ಎಲ್ಲವೂ ಸಿಗುತ್ತಿತ್ತು. ಉರ್ದು, ತಮಿಳು, ಕನ್ನಡ ಮೂರೂ ಬೆರೆತ ಚೌಕಾಸಿ. ಹೊಸ ಸಾಮಾನು ಕೊಳ್ಳಲಾಗದ ಬಡವನ ಗಾಡಿ ರಸ್ತೆ ಮೇಲೆ ಉಳಿದದ್ದು ಆ ಬೀದಿಗಳಿಂದಲೇ.

ಆ ಕಾಲದ ಗಾಡಿಯ ರಚನೆಯೂ ರೈತನಿಗೆ ಹೊಂದುತ್ತಿತ್ತು. ಕಾಲಿಡುವ ಕಡೆ ಚಪ್ಪಟೆ ಜಾಗ. ಅಲ್ಲಿ ಹಾಲಿನ ಕ್ಯಾನೋ, ರಾಗಿ ಚೀಲವೋ, ನಿಂತ ಮಗುವೋ. ಹಿಂದೆ ಹೆಂಗಸರು ಸೀರೆಯುಟ್ಟು ಒಂದು ಪಕ್ಕಕ್ಕೆ ಕೂರಬಹುದು. ಸ್ಟೆಪ್ನಿ ಚಕ್ರ ಜೊತೆಗೇ ಇರುತ್ತೆ. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ವಾಲ್ವುಗಳ ತಂಟೆಯಿಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಲೀಟರಿಗೆ 20 ಮಿ.ಲೀ. ಲೆಕ್ಕ. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ, ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಬೆಳಿಗ್ಗೆ ಗಾಡಿ ವಾಲಿಸಿ ಕಿಕ್ ಹೊಡೆಯುವುದು, ಪ್ಲಗ್ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜುವುದು, ಪಾಯಿಂಟ್ ನೋಡುವುದು, ಡಿಕ್ಕಿಯಲ್ಲಿ ಒಂದು ಕ್ಲಚ್ ಕೇಬಲ್ ಇಟ್ಟುಕೊಳ್ಳುವುದು ಇವು ಎಲ್ಲ ಮನೆಯ ಗಂಡುಮಕ್ಕಳಿಗೂ ಗೊತ್ತಿದ್ದ ವಿದ್ಯೆ. ಇದರಲ್ಲೇ ಕೈ ಪಳಗಿಸಿ ಹುಣಿಸೆ ಮರದ ಕೆಳಗೆ ನಾಲ್ಕು ಸ್ಪ್ಯಾನರ್ ಇಟ್ಟುಕೊಂಡು ಸಂಸಾರ ಸಾಕಿದವರೂ ನಮ್ಮ ಕಡೆ ಕಮ್ಮಿಯಿಲ್ಲ.

ನಂತರ ಕಾಲ ಬದಲಾಯಿತು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಮೊಪೆಡ್ ಬಂತು. ಹುಲ್ಲಿನ ಹೊರೆ, ಸೊಪ್ಪಿನ ಮೂಟೆ ಅದರ ಮೇಲೆ ಏರಿದವು. 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೊಂಡಾ ಬಂತು. ಗುಂಡಿ ಒತ್ತಿದರೆ ಸ್ಟಾರ್ಟು. 1991ರ ಹೊತ್ತಿಗೆ ಲೈಸೆನ್ಸ್ ಕಟ್ಟು ಸಡಿಲವಾಗಿ ಕಾಯುವ ಸಾಲು ಕರಗಿತು. 2000ರಿಂದ ಹೊಗೆಯ ನಿಯಮ ಬಿಗಿಯಾದಂತೆ ಟೂ ಸ್ಟ್ರೋಕ್ ಹಿಂದೆ ಸರಿಯಿತು. 2001ರಲ್ಲಿ ಹೊಂಡಾ ಆಕ್ಟಿವಾ ಬಂತು. ಗೇರಿನ ಗೊಡವೆ ಇಲ್ಲದ್ದರಿಂದ ಹೆಣ್ಣುಮಕ್ಕಳೂ ಧೈರ್ಯವಾಗಿ ಗಾಡಿ ಹತ್ತಿದರು. ಇಂದು ನಮ್ಮ ಮಹಿಳಾ ಸದಸ್ಯರು ಯಾರನ್ನೂ ಕೇಳದೆ ಸಂಘಕ್ಕೆ, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಿಬರುವುದು ಈ ಗಾಡಿಯಿಂದ. ಇದಕ್ಕಿಂತ ದೊಡ್ಡ ಬದಲಾವಣೆಯನ್ನು ನಾವು ಕಂಡಿಲ್ಲ.

ಒಂದು ಕಾಲಕ್ಕೆ ದೇಶವನ್ನೇ ಕಾಯಿಸಿದ ಬಜಾಜ್ ಕಂಪನಿ ಸ್ಕೂಟರ್ ತಯಾರಿಕೆ ನಿಲ್ಲಿಸುವುದಾಗಿ 2009ರ ಡಿಸೆಂಬರಿನಲ್ಲಿ ಹೇಳಿತು. 2013ರಲ್ಲಿ ನಮ್ಮದೇ ಹಳೇ ಮದ್ರಾಸು ರಸ್ತೆಯಲ್ಲಿ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಹೊಂಡಾ ಕಾರ್ಖಾನೆ ಶುರುವಾಯಿತು. ನಮ್ಮ ಹಿರಿಯರು ಸ್ಕೂಟರಿಗಾಗಿ ಪುಣೆ ಕಡೆ ಮುಖ ಮಾಡಿ ಕಾದರು, ಈಗ ಸ್ಕೂಟರ್ ತುಂಬಿದ ಲಾರಿಗಳು ನಮ್ಮ ಹೊಲದ ಪಕ್ಕದಲ್ಲೇ ಹೋಗುತ್ತವೆ. 2018ರಲ್ಲಿ ಬೆಂಗಳೂರಿನ ಏಥರ್ ಕಂಪನಿ ಬ್ಯಾಟರಿ ಸ್ಕೂಟರನ್ನು ಇಂದಿರಾನಗರದ ಮಳಿಗೆಯಲ್ಲಿ ಮಾರಾಟಕ್ಕಿಟ್ಟಿತು. ಚೇತಕ್ ಕೂಡ 2020ರಲ್ಲಿ ಬ್ಯಾಟರಿ ಗಾಡಿಯಾಗಿ ಮರಳಿ ಬಂತು.

ಇಲ್ಲಿ ಸದಸ್ಯರು ಯೋಚನೆ ಮಾಡಬೇಕಾದ ಮಾತೊಂದಿದೆ. ಬ್ಯಾಟರಿ ಗಾಡಿಗೆ ಪ್ಲಗ್ಗಿಲ್ಲ, ಕಾರ್ಬೊರೇಟರಿಲ್ಲ, ಕಿಕ್ಕಿಲ್ಲ. ಕೆಟ್ಟರೆ ಕಂಪನಿಯ ಕಂಪ್ಯೂಟರಿಗೇ ತೋರಿಸಬೇಕು. ಹುಣಿಸೆ ಮರದ ಕೆಳಗಿನ ಮೆಕ್ಯಾನಿಕ್ ಕೈ ಕಟ್ಟಿ ಕೂರುವ ದಿನ ದೂರವಿಲ್ಲ. ಸಂಬಳದ ಚೀಟಿ ಇಲ್ಲದ ರೈತ ಗಾಡಿ ಇಟ್ಟುಕೊಂಡದ್ದು ಅಗ್ಗದ ರಿಪೇರಿಯ ಬಲದಿಂದ. ಆ ವಿದ್ಯೆ ಊರಿಂದ ಹೋದರೆ ಗಾಡಿಯ ಖರ್ಚು ನಮ್ಮ ಕೈ ಮೀರುತ್ತೆ. ಆದ್ದರಿಂದ ನಮ್ಮೂರಿನ ಎರಡು ಮೂರು ಹುಡುಗರಿಗೆ, ಹುಡುಗಿಯರು ಮುಂದೆ ಬಂದರೆ ಅವರಿಗೂ, ಬ್ಯಾಟರಿ ಗಾಡಿಯ ರಿಪೇರಿ ಕಲಿಸಲು ಸಂಘದ ಶಿಕ್ಷಣ ನಿಧಿಯಿಂದ ನೆರವು ಕೊಡಬೇಕೆಂದು ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾವು ವಿಷಯ ಮಂಡಿಸುತ್ತೇವೆ.

ಜೊತೆಗೆ ಇನ್ನೆರಡು ಮಾತು. ಹಳೇ ಗಾಡಿ ಕೊಂಡರೆ 30 ದಿನದೊಳಗೆ ಆರ್.ಸಿ. ನಿಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಿ. ನಮ್ಮ ಕಡೆಯವರಿಗೆ ಕೆ.ಆರ್.ಪುರದ ಕೆಎ 53 ಕಚೇರಿಯೇ ಇದೆ. ಬರೀ ಬಾಯಿಮಾತಿನ ವ್ಯಾಪಾರ ನಾಳೆ ಕೋರ್ಟಿಗೆ ಎಳೆಯುತ್ತೆ. ಎರಡನೆಯದು ವಿಮೆ. ಥರ್ಡ್ ಪಾರ್ಟಿ ವಿಮೆ ಎದುರಿನವನಿಗೆ ಆದ ನಷ್ಟಕ್ಕೆ ಮಾತ್ರ. ಗಾಡಿಯ ಮಾಲೀಕನೇ ಓಡಿಸುವಾಗ ತೀರಿಕೊಂಡರೆ ಮನೆಯವರಿಗೆ 15 ಲಕ್ಷ ರೂಪಾಯಿ ಬರುವುದು ವೈಯಕ್ತಿಕ ಅಪಘಾತ ವಿಮೆಯಿಂದ. ಅದಕ್ಕೂ ಡ್ರೈವಿಂಗ್ ಲೈಸೆನ್ಸ್ ಇರಲೇಬೇಕು. ಸಾಲಕ್ಕೆ ಜಾಮೀನು ನಿಂತವರನ್ನೂ, ಹೆಂಡತಿ ಮಕ್ಕಳನ್ನೂ ಒಂದೇ ದಿನ ಬೀದಿಗೆ ತರುವ ಆಪತ್ತಿದು ಎಂಬುದನ್ನು ಸದಸ್ಯರು ಮರೆಯಬಾರದು. ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ, ಮನೆಯಲ್ಲಿ ಕಾಯುತ್ತಿರುವವರಿಗಾಗಿ.

ಬೆಳ್ಳಿಹಬ್ಬಕ್ಕೆ ಎಲ್ಲರೂ ಗಾಡಿಯಲ್ಲೇ ಬರುತ್ತೀರಿ ಅಂತ ನಮಗೆ ಗೊತ್ತು. ಶಾಲೆಯ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ದಾರಿ ಬಿಡಿ, ನಿಧಾನವಾಗಿ ಊರು ಸೇರಿಕೊಳ್ಳಿ. ಎಲ್ಲರಿಗೂ ಶುಭವಾಗಲಿ.